ಮ್ಯೂಸ್ಲಿ ಪ್ಯಾಕೆಟ್ಟಿನ ಹಿಂದೆ ಏನು ಬರೆದಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಬೆಳಗಿನ ತಿಂಡಿಯ ಬಗ್ಗೆ ಬರೆಯುವಾಗ ಮ್ಯೂಸ್ಲಿಗೆ, ಅಂದರೆ ಓಟ್ಸ್, ಗೋಧಿ ಚಕ್ಕೆ, ಬೀಜ, ಒಣಹಣ್ಣು ಬೆರೆಸಿದ ಒಣ ತಿಂಡಿಗೆ, ಎರಡೇ ಸಾಲು ಕೊಟ್ಟಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡು ಸಾಲಿನ ಬಗ್ಗೆಯೇ ಇವೆ. ಮೊದಲೆಲ್ಲ ತುಮಕೂರಿನ ಎಂ.ಜಿ. ರಸ್ತೆಯ ದೊಡ್ಡ ಅಂಗಡಿಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಪ್ಯಾಕೆಟ್ಟು ಈಗ ಪಾವಗಡ, ಹುಳಿಯಾರಿನ ಅಂಗಡಿಗಳಲ್ಲೂ ನೇತಾಡುತ್ತದೆ. ಮನೆಗೆ ಬಂದ ಮೇಲೆ ಪ್ರಶ್ನೆಗಳೂ ಬರಲೇಬೇಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಈಗ ತುಮಕೂರಿನಲ್ಲಿ ಆಹಾರ ಸಲಹೆ ಕೊಡುತ್ತೇನೆ. ಅದಕ್ಕೆ ಮೊದಲು ಧಾನ್ಯದ ತಿಂಡಿಗಳನ್ನು ಪ್ಯಾಕ್ ಮಾಡುವ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೆ. ಲೇಬಲ್ ಮೇಲೆ ಏನು ಬರಬೇಕು, ಒಳಗೆ ಇರುವುದಕ್ಕೂ ಅದಕ್ಕೂ ತಾಳೆಯಾಗುತ್ತದಾ ಅಂತ ನೋಡುವುದೇ ನನ್ನ ಕೆಲಸವಾಗಿತ್ತು.

ಪತ್ರಗಳನ್ನೆಲ್ಲ ಓದಿದಾಗ ಒಂದು ವಿಷಯ ಮನಸ್ಸಿಗೆ ನಾಟಿತು. ಜನ ಹೆದರಿರುವುದು ಆಹಾರಕ್ಕೆ ಸೇರಿಸಿದ ವಸ್ತುಗಳ ಬದಲಿಗೆ 322, 330 ಅಂತ ಬರೆದಿರುವ ನಂಬರುಗಳಿಗೆ. ಕಡ್ಲೆಕಾಯಿ, ಹಾಲು, ಗೋಧಿ ಅನ್ನುವ ಮಾಮೂಲಿ ಹೆಸರುಗಳನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತಾರೆ. ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ಆ ಮಾಮೂಲಿ ಹೆಸರುಗಳೇ. ಅದಕ್ಕೇ ಅಲರ್ಜಿಯ ಪತ್ರವನ್ನು ಮೊದಲು ತೆಗೆದುಕೊಂಡಿದ್ದೇನೆ. ಉತ್ತರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಆರು ವರ್ಷ. ಕಡ್ಲೆಕಾಯಿ ಬೀಜ ಬಾಯಿಗೆ ಹೋದರೆ ತುಟಿ ಊದಿಕೊಂಡು ಮೈಯೆಲ್ಲ ದದ್ದು ಏಳುತ್ತದೆ. ಒಂದು ಸಲ ಉಸಿರಾಡಲು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ನಮ್ಮತ್ತೆ ಮೊಮ್ಮಗನಿಗೆ ಅಂತ ಮ್ಯೂಸ್ಲಿ ತಂದಿದ್ದಾರೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಚಿತ್ರದಲ್ಲಿ ಬಾದಾಮಿ, ದ್ರಾಕ್ಷಿ ಮಾತ್ರ ಇದೆ. ಆದರೆ ಹಿಂದುಗಡೆ ಕೊನೇ ಸಾಲಿನಲ್ಲಿ 'ಮೇ ಕಂಟೇನ್ ಪೀನಟ್ಸ್' ಅಂತ ಇದೆ. ಕಾನೂನಿಗೋಸ್ಕರ ಸುಮ್ನೆ ಹಾಕಿರುತ್ತಾರೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಮಗನಿಗೆ ಕೊಡಬಹುದಾ?
(ಒಬ್ಬ ತಾಯಿ, ಸಿರಾ)

ಉತ್ತರ: ಬೇಡಮ್ಮ, ಕೊಡಬೇಡಿ. ಒಂದು ಚಮಚವೂ ಬೇಡ.

ನಿಮ್ಮ ಯಜಮಾನರ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಪ್ಯಾಕೆಟ್ಟಿನ ಮೇಲೆ ಅಲರ್ಜಿಯ ಬಗ್ಗೆ ಎರಡು ಥರದ ಸಾಲು ಇರುತ್ತದೆ. ಒಂದು 'ಕಂಟೇನ್ಸ್', ಅಂದರೆ ಇದರಲ್ಲಿ ಇದೆ. ಇನ್ನೊಂದು 'ಮೇ ಕಂಟೇನ್', ಅಂದರೆ ಇರಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಮೊದಲನೆಯದು ಕಡ್ಡಾಯ. ಗ್ಲುಟನ್ ಅನ್ನುವ ಪ್ರೋಟೀನು ಇರುವ ಗೋಧಿ, ಬಾರ್ಲಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಗಳ ಜಾತಿ, ಕಡ್ಲೆಕಾಯಿ ಮತ್ತು ಬಾದಾಮಿ ಗೋಡಂಬಿಯಂಥ ಬೀಜ, ಸೋಯಾ, ಕೆ.ಜಿ.ಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸಲ್ಫೈಟ್ (ಒಣಹಣ್ಣು ಕಪ್ಪಾಗದಂತೆ ಹಾಕುವ ಗಂಧಕದ ವಸ್ತು), ಇವುಗಳಲ್ಲಿ ಯಾವುದು ಇದ್ದರೂ ಹೇಳಲೇಬೇಕು. ಎರಡನೆಯ ಸಾಲಿಗೆ ನಿಯಮದಲ್ಲಿ 'ಹಾಕಬಹುದು' ಅಂತಷ್ಟೇ ಇದೆ. ಹಾಗಾಗಿ ಕಾನೂನಿಗೆ ಹೆದರಿ ಹಾಕಿದ ಸಾಲು ಅನ್ನುವುದು ಸರಿಯಲ್ಲ. ಆ ಕಂಪನಿಗೆ ತನ್ನ ಮಷೀನಿನ ಬಗ್ಗೆ ಗೊತ್ತಿದೆ, ಅದಕ್ಕೇ ಹಾಕಿದೆ ಅಂದುಕೊಳ್ಳಿ. ಇನ್ನೂ ಮುಖ್ಯವಾದ ಮಾತು: ಆ ಸಾಲು ಇಲ್ಲ ಅಂದ ಮಾತ್ರಕ್ಕೆ ಕಡ್ಲೆಕಾಯಿ ಸೋಕಿಲ್ಲ ಅಂತಲೂ ಅಲ್ಲ.

ಸೋಕುವುದು ಹೇಗೆ ಅಂತ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಮ್ಯೂಸ್ಲಿ ಮಾಡುವ ಜಾಗದಲ್ಲಿ ಒಂದು ದೊಡ್ಡ ಡ್ರಮ್ಮು ತಿರುಗುತ್ತಿರುತ್ತದೆ. ಓಟ್ಸ್, ಗೋಧಿ ಚಕ್ಕೆ, ಬೀಜ, ಒಣಹಣ್ಣು ಎಲ್ಲ ಅದರಲ್ಲಿ ಬೆರೆಯುತ್ತವೆ. ಅಲ್ಲಿಂದ ಒಂದು ಸರಪಳಿಗೆ ಕಟ್ಟಿದ ಸಣ್ಣ ಸಣ್ಣ ಬಕೆಟ್ಟುಗಳು ಮಾಲನ್ನು ಮೇಲಕ್ಕೆ ಒಯ್ದು ತೂಕದ ಮಷೀನಿಗೆ ಸುರಿಯುತ್ತವೆ. ಬೆಳಗ್ಗೆ ಕಡ್ಲೆಕಾಯಿ ಹಾಕಿದ ಮಾಲು ಓಡಿದ ಲೈನಿನಲ್ಲೇ ಮಧ್ಯಾಹ್ನ ಬಾದಾಮಿಯ ಮಾಲು ಓಡುತ್ತದೆ. ಮಧ್ಯೆ ಸ್ವಚ್ಛ ಮಾಡುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ನೀರು ಹಾಕಿ ತೊಳೆಯುವಂತಿಲ್ಲ. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಬ್ರಷ್ಷು, ವ್ಯಾಕ್ಯೂಮ್, ಒಣ ಬಟ್ಟೆ ಇಷ್ಟರಲ್ಲೇ ಆಗಬೇಕು. ಆಮೇಲೆ ಸ್ವಲ್ಪ ಓಟ್ಸ್ ಓಡಿಸಿ ಅದನ್ನು ಎಸೆಯುತ್ತಾರೆ. ನಾನು ಟಾರ್ಚ್ ಹಿಡಿದು ಆ ಬಕೆಟ್ಟುಗಳ ಮೂಲೆ ನೋಡುತ್ತಿದ್ದೆ. ಕಡ್ಲೆಕಾಯಿಯ ಕೆಂಪು ಸಿಪ್ಪೆ ಇದೆಯಲ್ಲ, ಊದಿದರೆ ಹಾರಿಹೋಗುವಂಥದ್ದು, ಅದು ಒಣ ಗಾಳಿಯಲ್ಲಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡುಬಿಡುತ್ತದೆ. ಕಣ್ಣಿಗೆ ಬಕೆಟ್ಟು ಖಾಲಿ. ಬಿಳಿ ಬಟ್ಟೆಯಿಂದ ಮೂಲೆ ಒರೆಸಿದರೆ ಒಂದು ಚೂರು ಕೆಂಪು ಬರುತ್ತಿತ್ತು. ಹಾಗೆ ಬಂದರೆ ಲೈನು ನಿಲ್ಲಿಸಿ ಮತ್ತೆ ಮೊದಲಿನಿಂದ ಸ್ವಚ್ಛ ಮಾಡಿಸಬೇಕು. ಎಷ್ಟೇ ಜಾಗ್ರತೆ ಮಾಡಿದರೂ ಎಲ್ಲ ಪ್ಯಾಕೆಟ್ಟಿಗೂ ನೂರಕ್ಕೆ ನೂರು ಖಾತ್ರಿ ಕೊಡಲು ಆಗುವುದಿಲ್ಲ. ಆ ಸಾಲಿನ ಅರ್ಥ ಅಷ್ಟೇ.

ಇದರಲ್ಲಿ ಇನ್ನೊಂದು ತೊಂದರೆ ಇದೆ. ಹಾಗೆ ಉಳಿದ ಚೂರು ಎಲ್ಲ ಪ್ಯಾಕೆಟ್ಟಿಗೂ ಸಮವಾಗಿ ಹಂಚಿಹೋಗುವುದಿಲ್ಲ. ಹತ್ತಾರು ಪ್ಯಾಕೆಟ್ಟಿನಲ್ಲಿ ಏನೂ ಇರುವುದಿಲ್ಲ, ಯಾವುದೋ ಒಂದರಲ್ಲಿ ಅರ್ಧ ಬೀಜವೇ ಬಿದ್ದಿರುತ್ತದೆ. ಆದ್ದರಿಂದ 'ಹೋದ ತಿಂಗಳು ತಿಂದಿದ್ದ, ಏನೂ ಆಗಲಿಲ್ಲ' ಅನ್ನುವ ಮಾತನ್ನು ನಂಬಬೇಡಿ. ಒಂದೇ ಕಂಪನಿಯ ದೊಡ್ಡ ಪ್ಯಾಕೆಟ್ಟು, ಸಣ್ಣ ಪ್ಯಾಕೆಟ್ಟು ಬೇರೆ ಬೇರೆ ಲೈನಿನಲ್ಲಿ ಆಗಿರಬಹುದು. ಸಾಮಗ್ರಿಯೂ ಬದಲಾಗುತ್ತಿರುತ್ತದೆ. ಪ್ರತಿ ಸಲ ತಂದಾಗಲೂ ಹೊಸದಾಗಿ ಓದಲೇಬೇಕು.

ಈಗ ನಿಮ್ಮತ್ತೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಸಂಕಟವಾದದ್ದು ಈ ಭಾಗ. ಲೇಬಲ್ಲಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು ಅನ್ನುತ್ತದೆ ಆಹಾರ ಸುರಕ್ಷತೆಯ ನಿಯಮ. ಬೇರೆ ಭಾಷೆ ಬೇಕಾದರೆ ಹೆಚ್ಚುವರಿಯಾಗಿ ಹಾಕಬಹುದು. ನಮ್ಮ ಊರುಗಳಲ್ಲಿ ಮಗುವಿಗೆ ಬೆಳಗಿನ ತಿಂಡಿ ಕೊಡುವುದು ಎಷ್ಟೋ ಮನೆಗಳಲ್ಲಿ ಅಜ್ಜಿ. ಆ ಅಜ್ಜಿಗೆ ಓದಲು ಬರುವುದು ಕನ್ನಡ. ಮಗುವಿನ ಪ್ರಾಣ ಕಾಯುವ ಒಂದೇ ಒಂದು ಸಾಲು ಅವರಿಗೆ ಓದಲಾಗದ ಅಕ್ಷರದಲ್ಲಿದೆ. ಅಲರ್ಜಿಯ ಆ ಒಂದು ಸಾಲಾದರೂ ಕನ್ನಡದಲ್ಲಿ ಇರಲೇಬೇಕು ಅಂತ ನಾನು ಎಲ್ಲಿ ಮಾತಾಡಲು ಹೋದರೂ ಹೇಳುತ್ತೇನೆ. ಕಂಪನಿಗೆ ಅದರಿಂದ ಆಗುವ ಖರ್ಚು ಏನೂ ಇಲ್ಲ.

ಅಲ್ಲಿಯವರೆಗೆ ಒಂದು ಉಪಾಯ ಮಾಡಿ. ಹಳೇ ಪ್ಯಾಕೆಟ್ಟುಗಳಿಂದ 'ಪೀನಟ್' ಅನ್ನುವ ಪದವನ್ನೂ 'ಗ್ರೌಂಡ್‌ನಟ್' ಅನ್ನುವ ಪದವನ್ನೂ ಕತ್ತರಿಸಿ ಒಂದು ರಟ್ಟಿಗೆ ಅಂಟಿಸಿ. ಎರಡೂ ಕಡ್ಲೆಕಾಯಿಯೇ, ಕೆಲವರು ಅದನ್ನು ಬರೆಯುತ್ತಾರೆ, ಕೆಲವರು ಇದನ್ನು. ರಟ್ಟನ್ನು ಅತ್ತೆಯ ಚೀಲದಲ್ಲೇ ಇಡಿ. ಅಂಗಡಿಯಲ್ಲಿ ಪ್ಯಾಕೆಟ್ಟಿನ ಹಿಂದೆ ಅದೇ ಆಕಾರದ ಅಕ್ಷರ ಇದೆಯಾ ಅಂತ ಹೋಲಿಸಿ ನೋಡಲು ಅವರಿಗೆ ಬರುತ್ತದೆ. ಓದು ಬರದಿದ್ದರೂ ಬಸ್ಸಿನ ಬೋರ್ಡು ಗುರುತು ಹಿಡಿಯುವವರು ನಮ್ಮ ಹಿರಿಯರು. ಹಾಗೆಯೇ ಬಿಡಿಯಾಗಿ ತೂಕ ಮಾಡಿ ಕೊಡುವ ಮ್ಯೂಸ್ಲಿ, ಡ್ರೈಫ್ರೂಟ್ ಮಿಕ್ಸ್ಚರು ನಿಮ್ಮ ಮನೆಗೆ ಬರಲೇಬಾರದು. ಅದಕ್ಕೆ ಲೇಬಲ್ಲೇ ಇಲ್ಲ.

ಮ್ಯೂಸ್ಲಿ ಒಂದು ಕಡೆ ಇರಲಿ. ಸಿರಾ, ಪಾವಗಡ, ಮಧುಗಿರಿ ಅಂದರೆ ಕಡ್ಲೆಕಾಯಿಯ ಸೀಮೆ. ಚಿತ್ರಾನ್ನದ ಒಗ್ಗರಣೆಗೆ, ಉಪ್ಪಿಟ್ಟಿಗೆ, ಚಟ್ನಿಗೆ, ಚಿಕ್ಕಿಗೆ, ಎಲ್ಲದಕ್ಕೂ ಬೇಕು. ಗಾಣದಲ್ಲಿ ತೆಗೆದ ಕಡ್ಲೆಕಾಯಿ ಎಣ್ಣೆಯಲ್ಲಿ ಬೀಜದ ಪ್ರೋಟೀನು ಉಳಿದಿರುತ್ತದೆ, ಅಲರ್ಜಿ ಬರಿಸುವುದು ಆ ಪ್ರೋಟೀನೇ. ಕಡ್ಲೆಕಾಯಿ ಹುರಿದ ಬಾಣಲೆಯಲ್ಲಿ ಒರೆಸಿ ಅವಲಕ್ಕಿ ಹುರಿದರೆ ಕಾರ್ಖಾನೆಯ ಲೈನಿನ ಕಥೆಯೇ ಮನೆಯಲ್ಲೂ ಆಯಿತು. ಮಗನಿಗೆ ಅಂತ ಒಂದು ಬಾಣಲೆ, ಒಂದು ಸೌಟು ಬೇರೆ ಇಡಿ.

ಇನ್ನು ತುರ್ತಿನ ಮಾತು. ತುಟಿ ನಾಲಿಗೆ ಊದುವುದು, ಧ್ವನಿ ಬದಲಾಗುವುದು, ಉಸಿರಿಗೆ ಗೊರ ಗೊರ ಸದ್ದು, ಮೇಲಿಂದ ಮೇಲೆ ವಾಂತಿ, ಮಗು ಸುಸ್ತಾಗಿ ಕುಸಿಯುವುದು, ಇವು ಕಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿ, 'ಕಡ್ಲೆಕಾಯಿ ಅಲರ್ಜಿ' ಅಂತ ಬಾಗಿಲಲ್ಲೇ ಹೇಳಿ. ಅದಕ್ಕೆ ಮುಖ್ಯ ಔಷಧ ಅಡ್ರಿನಲಿನ್ ಇಂಜೆಕ್ಷನ್. ಮನೆಯಲ್ಲಿರುವ ಅಲರ್ಜಿ ಸಿರಪ್ಪು ತುರಿಕೆಗೆ ಆಗುತ್ತದೆ, ಉಸಿರು ಕಟ್ಟಿದಾಗ ಸಾಲದು. ಮಗುವನ್ನು ನಡೆಸಬೇಡಿ. ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರಿಗೆ ಕಷ್ಟವಾಗುತ್ತಿದ್ದರೆ ಕೂರಿಸಿಯೇ ಹಿಡಿದುಕೊಳ್ಳಿ. ಇಂಜೆಕ್ಷನ್ ಆಗಿ ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು. ಡಾಕ್ಟರು ಹೋಗಿ ಅನ್ನುವವರೆಗೂ ಆಸ್ಪತ್ರೆ ಬಿಡಬೇಡಿ. ಒಂದು ಸಲ ಉಸಿರು ಕಟ್ಟಿದ ಮಗು ಅಂದಮೇಲೆ ಇಂಜೆಕ್ಷನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆ ಮಕ್ಕಳ ಡಾಕ್ಟರ ಹತ್ತಿರ ಈ ವಾರವೇ ಮಾತಾಡಿ. ಶಾಲೆಯ ಮಿಸ್ಸಿಗೂ ಒಂದು ಚೀಟಿ ಬರೆದುಕೊಡಿ.

ಕಡ್ಲೆಕಾಯಿ ಆಗದವರಿಗೆ ಬಾದಾಮಿ, ಗೋಡಂಬಿ ಆಗಲೇಬಾರದು ಅಂತಿಲ್ಲ. ಕಡ್ಲೆಕಾಯಿ ಬೇಳೆಕಾಳಿನ ಜಾತಿ, ಗೋಡಂಬಿ ಮರದ್ದು. ಆದರೆ ಎರಡೂ ಆಗದ ಮಕ್ಕಳು ಇದ್ದಾರೆ. ಅದನ್ನು ಮನೆಯಲ್ಲಿ ತಿನ್ನಿಸಿ ಪರೀಕ್ಷೆ ಮಾಡಬೇಡಿ, ಡಾಕ್ಟರ ಮುಂದೆಯೇ ಆಗಲಿ.

ಪ್ರಶ್ನೆ: ನನಗೆ ಚಿಕ್ಕಂದಿನಿಂದ ಆಸ್ತಮಾ ಇದೆ. ಹಣ್ಣಿನ ಮ್ಯೂಸ್ಲಿ ತಿಂದ ದಿನ ಎದೆ ಬಿಗಿಯುತ್ತದೆ. ಬರೀ ಓಟ್ಸ್ ತಿಂದರೆ ಏನೂ ಆಗುವುದಿಲ್ಲ. ಹಣ್ಣು ಆಗುವುದಿಲ್ಲ ಅಂತಾನಾ?
(ಓದುಗರು, ಮಧುಗಿರಿ)

ಉತ್ತರ: ಹಣ್ಣಿಗಿಂತ ಮೊದಲು ಹಣ್ಣು ಕಪ್ಪಾಗದಂತೆ ಹಾಕಿರುವ ಸಲ್ಫೈಟನ್ನು ಅನುಮಾನಿಸಿ. ಪ್ಯಾಕೆಟ್ಟಿನ ಮೇಲೆ 220 ರಿಂದ 228ರ ಒಳಗಿನ ನಂಬರು ಇದೆಯಾ ನೋಡಿ. 220 ಅಂದರೆ ಗಂಧಕದ ಡೈಆಕ್ಸೈಡ್. 223 ಸೋಡಿಯಂ ಮೆಟಾಬೈಸಲ್ಫೈಟ್, 224 ಪೊಟ್ಯಾಸಿಯಂನದ್ದು. ಆಸ್ತಮಾ ಇರುವವರಲ್ಲಿ ಕೆಲವರಿಗೆ ಇದರಿಂದ ಉಬ್ಬಸ ಬರುತ್ತದೆ. ಎಲ್ಲರಿಗೂ ಅಲ್ಲ.

ಒಂದು ತಟ್ಟೆಗೆ ಸುರಿದು ನೋಡಿ, ಬಣ್ಣವೇ ಅರ್ಧ ಹೇಳುತ್ತದೆ. ಏಪ್ರಿಕಾಟ್ ಒಣಗಿದರೆ ಸಹಜವಾಗಿ ಕಂದು ಆಗಬೇಕು. ಹೊಳೆಯುವ ಕಿತ್ತಳೆ ಬಣ್ಣ ಇದ್ದರೆ ಅದು ಗಂಧಕದ ಹೊಗೆ ಕಂಡಿದೆ. ಹೊಂಬಣ್ಣದ ದ್ರಾಕ್ಷಿಯೂ ಸಾಮಾನ್ಯವಾಗಿ ಹಾಗೆಯೇ. ಕಪ್ಪು ದ್ರಾಕ್ಷಿಗೆ ಅದರ ಅಗತ್ಯ ಅಷ್ಟಿಲ್ಲ. ಒಣ ಪಪ್ಪಾಯಿ, ಅನಾನಸ್ ಚೂರು ಇದ್ದರೆ ಸಾಮಗ್ರಿಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಬ್ರಾಕೆಟ್ಟಿನೊಳಗೆ ಬರೆದಿರುವುದನ್ನು ಓದಿ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಆಲೆಮನೆಯಲ್ಲಿ ಹಾಕುವ ಹೈಡ್ರೋಸ್ ಕೂಡ ಇದೇ ಬಳಗದ್ದು. ನಿಮಗೆ ಬಿಳೀ ಬೆಲ್ಲ ತಿಂದಾಗಲೂ ಎದೆ ಬಿಗಿಯುತ್ತದಾ ಅಂತ ಗಮನಿಸಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು ಅಂತ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ನಾವು ಹಾಸ್ಟೆಲ್ಲಿನಲ್ಲಿ ನಾಲ್ವರು ಸೇರಿ ಮ್ಯೂಸ್ಲಿ ತರುತ್ತೇವೆ. ಹಿಂದೆ ಐಎನ್ಎಸ್ 322, 330, 422, 150ಡಿ ಅಂತೆಲ್ಲ ಇದೆ. ಇದೆಲ್ಲ ಕೆಮಿಕಲ್, ಕ್ಯಾನ್ಸರ್ ಬರುತ್ತೆ ಅಂತ ಒಬ್ಬ ಫ್ರೆಂಡ್ ಹೇಳಿದ. ನಿಜಾನಾ ಮೇಡಂ?
(ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಉತ್ತರ: ಐಎನ್ಎಸ್ ಅಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಅಂತರರಾಷ್ಟ್ರೀಯವಾಗಿ ಕೊಟ್ಟಿರುವ ನಂಬರು. ವಸ್ತು ಎಲ್ಲಿಂದ ಬಂದರೂ ನಂಬರು ಒಂದೇ. 330 ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನ ಹುಳಿ ಅದೇ. 300 ವಿಟಮಿನ್ ಸಿ. 322 ಲೆಸಿಥಿನ್, ಎಣ್ಣೆ ನೀರು ಬೇರೆಯಾಗದಂತೆ ಹಿಡಿಯುತ್ತದೆ. ಇದು ಹೆಚ್ಚಾಗಿ ಸೋಯಾದಿಂದ ಬರುತ್ತದೆ, ಸೋಯಾ ಆಗದವರು ಗಮನಿಸಬೇಕಾದ್ದು ಅಷ್ಟೇ. 170 ಕ್ಯಾಲ್ಸಿಯಂ ಕಾರ್ಬೊನೇಟ್. ಇವುಗಳಿಗೆ ಹೆದರುವ ಕಾರಣವಿಲ್ಲ.

422 ಗ್ಲಿಸರಿನ್. ಇದನ್ನು ಯಾಕೆ ಹಾಕುತ್ತಾರೆ ಅಂತ ಗೊತ್ತಾದರೆ ನಿಮಗೆ ಇಷ್ಟವಾಗುತ್ತದೆ. ದ್ರಾಕ್ಷಿಯಲ್ಲಿ ತೇವ ಇದೆ, ಚಕ್ಕೆಯಲ್ಲಿ ಇಲ್ಲ. ಎರಡನ್ನೂ ಒಂದೇ ಪ್ಯಾಕೆಟ್ಟಿನಲ್ಲಿ ಮುಚ್ಚಿಟ್ಟರೆ ತೇವ ದ್ರಾಕ್ಷಿಯಿಂದ ಚಕ್ಕೆಗೆ ಹೋಗುತ್ತದೆ. ಚಕ್ಕೆ ಮೆತ್ತಗಾಗುತ್ತದೆ, ದ್ರಾಕ್ಷಿ ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತದೆ. ಗ್ಲಿಸರಿನ್ ಆ ತೇವವನ್ನು ಹಣ್ಣಿನಲ್ಲೇ ಹಿಡಿದಿಡುತ್ತದೆ. ಬಾದಾಮಿ, ಓಟ್ಸಿನ ಎಣ್ಣೆ ಕಮಟು ಹಿಡಿಯದಿರಲಿ ಅಂತ 306 ಅಥವಾ 307 ಹಾಕುತ್ತಾರೆ, ಅದು ವಿಟಮಿನ್ ಇ. ಅದೇ ಕೆಲಸಕ್ಕೆ 319, 320, 321 ಕೂಡ ಬಳಸುತ್ತಾರೆ. ಇವು ಕೃತಕ. ಮಿತಿಯೊಳಗೆ ಬಳಸಲು ಅನುಮತಿ ಇದೆ. ಆದರೂ ಎರಡು ಪ್ಯಾಕೆಟ್ಟು ಎದುರಿಗಿದ್ದರೆ ನಾನು ವಿಟಮಿನ್ ಇ ಹಾಕಿದ್ದನ್ನೇ ಎತ್ತಿಕೊಳ್ಳುತ್ತೇನೆ. 150ಡಿ ಕ್ಯಾರಮೆಲ್ ಬಣ್ಣ. ತಿಂಡಿಗೆ ಅದರ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಕ್ಕೆ ಚೆನ್ನಾಗಿ ಹುರಿದಿದ್ದರೆ ಕಂದು ತಾನಾಗಿ ಬರುತ್ತದೆ.

ನಾನು ನಿಜವಾಗಿ ನೋಡುವುದು ಕೃತಕ ಬಣ್ಣ. ಟೂಟಿಫ್ರೂಟಿಯ ಹಾಗೆ ಕೆಂಪಗೆ, ಹಸಿರಗೆ ಇರುವ ಪಪ್ಪಾಯಿ ಚೂರು ಇದ್ದರೆ 102, 110, 122, 124, 129 ಇವುಗಳಲ್ಲಿ ಯಾವುದಾದರೂ ಇದೆಯಾ ಹುಡುಕಿ. ಈ ಐದು ಮತ್ತು 104 ಇದ್ದರೆ 'ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು' ಅಂತ ಲೇಬಲ್ಲಿನಲ್ಲಿ ಹಾಕಬೇಕು ಅಂತ ಯುರೋಪಿನಲ್ಲಿ 2010ರಿಂದ ನಿಯಮ ಇದೆ. ನಿಮ್ಮ ತಮ್ಮ ತಂಗಿಯರಿಗೆ ಕೊಡುವ ಮುಂಚೆ ಇದು ನೆನಪಿರಲಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಸಕ್ಕರೆ ಕಾಯಿಲೆ ಇದೆ. 'ನೋ ಆಡೆಡ್ ಶುಗರ್' ಅಂತ ನೋಡಿಯೇ ಮಗಳು ಮ್ಯೂಸ್ಲಿ ತಂದುಕೊಟ್ಟಳು. ಒಂದು ಬಟ್ಟಲು ತಿಂದು ಎರಡು ಗಂಟೆ ಬಿಟ್ಟು ನೋಡಿದರೆ ಇಡ್ಲಿ ತಿಂದ ದಿನಕ್ಕಿಂತ ಶುಗರ್ ಜಾಸ್ತಿ. ಕಂಪನಿ ಸುಳ್ಳು ಹೇಳುತ್ತಿದೆಯಾ?
(ಓದುಗರು, ತಿಪಟೂರು)

ಉತ್ತರ: ಸುಳ್ಳು ಇರಲಾರದು ಮೇಷ್ಟ್ರೇ. ಸಕ್ಕರೆಯನ್ನಾಗಲಿ, ಸಕ್ಕರೆ ಬೆರೆಸಿದ ಹಣ್ಣಿನ ಚೂರನ್ನಾಗಲಿ ಹಾಕದಿದ್ದರೆ ಹಾಗೆ ಬರೆಯಬಹುದು. ಆದರೆ ಒಣದ್ರಾಕ್ಷಿಯ ತೂಕದಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಅದರದ್ದೇ ಸಕ್ಕರೆ. ಖರ್ಜೂರವೂ ಹಾಗೆಯೇ. ಓಟ್ಸ್, ಗೋಧಿ ಚಕ್ಕೆಯ ಪಿಷ್ಟವೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಲೇಬೇಕು. 'ಆಡೆಡ್ ಶುಗರ್' ಸೊನ್ನೆ ಇದ್ದರೂ 'ಟೋಟಲ್ ಶುಗರ್ಸ್' ಮತ್ತು 'ಕಾರ್ಬೋಹೈಡ್ರೇಟ್' ಸಾಲು ನೋಡಿ. ನಿಮಗೆ ಲೆಕ್ಕಕ್ಕೆ ಬರುವುದು ಆ ಎರಡು.

ಆಮೇಲೆ ಬಟ್ಟಲು. ಪ್ಯಾಕೆಟ್ಟಿನಲ್ಲಿ ಒಂದು ಸಲಕ್ಕೆ 30 ಅಥವಾ 40 ಗ್ರಾಂ ಅಂತ ಬರೆದಿರುತ್ತಾರೆ. ಮನೆಯ ಸ್ಟೀಲ್ ಬಟ್ಟಲು ತುಂಬ ಸುರಿದರೆ ಅದರ ಎರಡರಷ್ಟು ಸುಲಭವಾಗಿ ಆಗುತ್ತದೆ. ತಕ್ಕಡಿ ಇದ್ದರೆ ಒಂದು ಸಲ ತೂಗಿ ನೋಡಿ, ಎಷ್ಟು ಚಮಚಕ್ಕೆ 40 ಗ್ರಾಂ ಅಂತ ತಿಳಿದುಬಿಡುತ್ತದೆ.

ಬೇರೆ ಓದುಗರಿಗೂ ಒಂದು ಮಾತು. ಸಾಮಗ್ರಿಗಳ ಪಟ್ಟಿಯನ್ನು ತೂಕದ ಪ್ರಕಾರ, ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅಂತ ನಿಯಮ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಆ ಪ್ಯಾಕೆಟ್ಟು ವಾಪಸ್ ಇಡಿ. ಕೆಲವು ಕಡೆ ಸಕ್ಕರೆ, ದ್ರವ ಗ್ಲೂಕೋಸ್, ಇನ್ವರ್ಟ್ ಸಿರಪ್, ಜೇನು, ಮಾಲ್ಟ್ ಎಕ್ಸ್‌ಟ್ರಾಕ್ಟ್ ಅಂತ ಐದು ಹೆಸರಲ್ಲಿ ಚೂರು ಚೂರಾಗಿ ಹಾಕಿರುತ್ತಾರೆ. ಒಂದೊಂದೂ ಕೆಳಗೆ ಹೋಗುತ್ತದೆ, ಕೂಡಿಸಿದರೆ ಮೇಲೆ ಬರುತ್ತದೆ. ಮುಂದುಗಡೆ ಜೇನಿನ ಚಿತ್ರ ದೊಡ್ಡದಾಗಿದ್ದರೆ ಹಿಂದೆ ಜೇನು ಶೇಕಡಾ ಎಷ್ಟು ಅಂತ ಹೇಳಿರಬೇಕು, ಹುಡುಕಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಸೇರಿಸಿದ ಸಕ್ಕರೆ, ಜೇನು, ಸಿರಪ್ಪು ಎಲ್ಲ ಸೇರಿ ಆಹಾರದಿಂದ ಸಿಗುವ ದಿನದ ಶಕ್ತಿಯಲ್ಲಿ (ಕ್ಯಾಲೊರಿಯಲ್ಲಿ) ನೂರಕ್ಕೆ ಹತ್ತು ಭಾಗ ಮೀರಬಾರದು, ಐದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಐದು ಅಂದರೆ ದಿನಕ್ಕೆ ಸುಮಾರು 25 ಗ್ರಾಂ. 100 ಗ್ರಾಮಿಗೆ 20 ಗ್ರಾಂ ಸಕ್ಕರೆ ಸೇರಿಸಿರುವ ಮ್ಯೂಸ್ಲಿಯನ್ನು ಒಂದು ಬಟ್ಟಲು, ಅಂದರೆ 80 ಗ್ರಾಂ ತಿಂದರೆ ಬೆಳಗ್ಗೆಯೇ 16 ಗ್ರಾಂ ಮುಗಿಯಿತು.

ಮೇಷ್ಟ್ರೇ, ನಿಮಗೆ ಇಡ್ಲಿ ಹೊಂದುತ್ತಿದ್ದರೆ ಅದನ್ನೇ ಮಿತವಾಗಿ ಸಾಂಬಾರಿನ ಜೊತೆ ತಿನ್ನಿ. ಮ್ಯೂಸ್ಲಿ ತಿನ್ನಲೇಬೇಕು ಅಂತ ಯಾರೂ ಹೇಳಿಲ್ಲ.

ಪ್ರಶ್ನೆ: ನನಗೆ ಗೋಧಿ ಆಗುವುದಿಲ್ಲ. ಸೀಲಿಯಾಕ್ ಅಂತ ಬೆಂಗಳೂರಿನ ಡಾಕ್ಟರು ಹೇಳಿದ್ದಾರೆ. ರಾಗಿ ಮ್ಯೂಸ್ಲಿ ತಿನ್ನಬಹುದಾ ಅಕ್ಕ?
(ಓದುಗರು, ಗುಬ್ಬಿ)

ಉತ್ತರ: ಸೀಲಿಯಾಕ್ ಅಂದರೆ ಗ್ಲುಟನ್ ಹೊಟ್ಟೆಗೆ ಹೋದರೆ ಸಣ್ಣ ಕರುಳಿಗೆ ಪೆಟ್ಟಾಗುವ ಕಾಯಿಲೆ. ರಾಗಿಯಲ್ಲಿ ಗ್ಲುಟನ್ ಇಲ್ಲ. 'ರಾಗಿ ಮ್ಯೂಸ್ಲಿ' ಅನ್ನುವ ಪ್ಯಾಕೆಟ್ಟಿನಲ್ಲಿ ಇರಬಹುದು. ಚಿತ್ರ ರಾಗಿ ತೆನೆಯದ್ದು, ಪಟ್ಟಿಯಲ್ಲಿ ಮೊದಲು ಗೋಧಿ ಚಕ್ಕೆ, ಹೀಗಿರುವುದನ್ನು ನೋಡಿದ್ದೇನೆ. ನಿಮ್ಮಂಥವರು 'ಗ್ಲುಟನ್ ಫ್ರೀ' ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತೆಗೆದುಕೊಳ್ಳಿ. ಹಾಗೆ ಬರೆಯಬೇಕಾದರೆ ಕೆ.ಜಿ.ಗೆ 20 ಮಿಲಿಗ್ರಾಮಿಗಿಂತ ಜಾಸ್ತಿ ಗ್ಲುಟನ್ ಇರಬಾರದು. ಓಟ್ಸ್ ಗೋಧಿಯಲ್ಲ ನಿಜ, ಆದರೆ ಹೊಲದಿಂದ ಹಿಡಿದು ಮಿಲ್ಲಿನವರೆಗೆ ಗೋಧಿ, ಬಾರ್ಲಿಯ ಜೊತೆಗೇ ಓಡಾಡಿರುತ್ತದೆ. ಹಾಗಾಗಿ ಮಾಮೂಲಿ ಓಟ್ಸ್ ಕೂಡ ಬೇಡ. ಪಟ್ಟಿಯಲ್ಲಿ ಬರೀ ಮಾಲ್ಟ್ ಅಂತ ಕಂಡರೆ ಅದು ಹೆಚ್ಚಾಗಿ ಬಾರ್ಲಿಯದ್ದು. ಬರೀ ಮುಸುಕಿನ ಜೋಳದ್ದು ಅಂದುಕೊಳ್ಳುವ ಕಾರ್ನ್ ಫ್ಲೇಕ್ಸ್‌ನಲ್ಲೂ ಎಷ್ಟೋ ಸಲ ಮಾಲ್ಟ್ ಇರುತ್ತದೆ.

ಎರಡು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗಿನಲ್ಲಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುವುದೇ ಜಾಸ್ತಿ. ನಿಮ್ಮ ಸಾರಿನ ಮೂಲಕ ದಿನವೂ ಗೋಧಿ ಹೊಟ್ಟೆಗೆ ಹೋಗುತ್ತಿರಬಹುದು. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಹುಡುಕಿ. ಇನ್ನೊಂದು ನಿಮ್ಮ ಬೀದಿಯ ಮಿಲ್ಲು. ಹಿಂದಿನವರು ಗೋಧಿ ಬೀಸಿಕೊಂಡು ಹೋದ ಮೇಲೆ ಅದೇ ಕಲ್ಲಿಗೆ ನಿಮ್ಮ ರಾಗಿ ಬೀಳುತ್ತದೆ. ರಾಗಿಗೇ ಬೇರೆ ಮಷೀನು ಇಟ್ಟಿರುವ ಮಿಲ್ಲಿಗೆ ಹೋಗಿ. ಇಲ್ಲವಾದರೆ ಮನೆಯಲ್ಲೇ ಸಣ್ಣ ಮಷೀನಿನಲ್ಲಿ ಬೀಸಿಕೊಳ್ಳಿ.

ಪ್ರಶ್ನೆ: ಹಸಿರು ಗುರುತು ಇದ್ದರೆ ಹಾಲು ಇಲ್ಲ ಅಂತಾನಾ?
(ಓದುಗರು, ಕುಣಿಗಲ್)

ಉತ್ತರ: ಅಲ್ಲ. ಹಸಿರು ಚುಕ್ಕೆ ಸಸ್ಯಾಹಾರ ಅಂತ ಹೇಳುತ್ತದೆ, ಹಾಲು ಜೇನು ಅದರೊಳಗೇ ಬರುತ್ತವೆ. ಹಾಲಿನ ಪ್ರೋಟೀನು ಆಗದವರು ಹಾಲಿನ ಪುಡಿ, ವೇ ಪೌಡರ್, ಕೇಸೀನ್ ಅನ್ನುವ ಹೆಸರು ಹುಡುಕಬೇಕು. ಚಾಕೊಲೇಟ್ ಚೂರು, ಮೊಸರಿನ ಲೇಪನ ಇರುವ ಮ್ಯೂಸ್ಲಿಯಲ್ಲಿ ಹೆಚ್ಚಾಗಿ ಇದ್ದೇ ಇರುತ್ತದೆ.

ಪ್ರಶ್ನೆ: ಇಷ್ಟೆಲ್ಲ ನೋಡುವುದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳಬಹುದಲ್ವಾ? ಹೇಗೆ ಅಂತ ತಿಳಿಸಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ.
(ಓದುಗರು, ಕೊರಟಗೆರೆ)

ಉತ್ತರ: ಖಂಡಿತ ಮಾಡಬಹುದು. ಮೊದಲು ಇದನ್ನು ಮಾಡಿದ ಜ್ಯೂರಿಕ್‌ನ ವೈದ್ಯ ಬಿರ್ಷರ್-ಬೆನ್ನರ್ 1900ರ ಆಸುಪಾಸಿನಲ್ಲಿ ತಮ್ಮ ರೋಗಿಗಳಿಗೆ ಕೊಟ್ಟದ್ದು ಪ್ಯಾಕೆಟ್ಟಿನ ಒಣ ತಿಂಡಿಯೇ ಅಲ್ಲ. ತುರಿದ ಹಸಿ ಸೇಬೇ ಮುಖ್ಯ. ಅದಕ್ಕೆ ನೆನೆಸಿದ ಒಂದು ಚಮಚ ಓಟ್ಸ್, ನಿಂಬೆರಸ, ಗಟ್ಟಿ ಹಾಲು, ಬೀಜದ ತುರಿ. ಧಾನ್ಯ ಕಡಿಮೆ, ಹಣ್ಣು ಜಾಸ್ತಿ. ನಮಗೂ ಅದೇ ಸರಿ ಅಂತ ನನಗೆ ಅನಿಸುತ್ತದೆ.

ಗಟ್ಟಿ ಅವಲಕ್ಕಿ ನಾಲ್ಕು ಲೋಟ ತೆಗೆದುಕೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ ಹುರಿಯಿರಿ. ಎರಡು ಬೆರಳಲ್ಲಿ ಹಿಸುಕಿದರೆ ಪಟ್ ಅಂತ ಮುರಿಯಬೇಕು. ಬಗ್ಗಿದರೆ ಇನ್ನೂ ಆಗಿಲ್ಲ. ಅದನ್ನು ತೆಗೆದು ಅಗಲವಾದ ತಟ್ಟೆಗೆ ಹರಡಿ. ಆಮೇಲೆ ಅರ್ಧ ಲೋಟ ಕುಂಬಳ ಬೀಜ, ಅರ್ಧ ಲೋಟ ಹುರಿಗಡಲೆ, ತೆಳ್ಳಗೆ ಹೆಚ್ಚಿದ ಕೊಬ್ಬರಿ ಒಂದು ಹಿಡಿ, ಒಂದೊಂದಾಗಿ ಬೆಚ್ಚಗೆ ಮಾಡಿ. ಕೊಬ್ಬರಿ ಬೇಗ ಸೀಯುತ್ತದೆ, ಕೊನೆಗೆ ಹಾಕಿ. ಜೊತೆಗೆ ರಾಗಿ ಹುರಿಹಿಟ್ಟು ಇಟ್ಟುಕೊಳ್ಳಿ. ತಿನ್ನುವಾಗ ಬಟ್ಟಲಿಗೆ ಎರಡು ಚಮಚ ಹಾಕಿದರೆ ಹಾಲು ಗಟ್ಟಿಯಾಗುತ್ತದೆ, ಕ್ಯಾಲ್ಸಿಯಮ್ಮೂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಓಟ್ಸಿನಲ್ಲಿ ಅದರ ಕಾಲು ಭಾಗವೂ ಇಲ್ಲ. ಸಿಹಿಗೆ ಬಾಳೆಹಣ್ಣೋ ಸೇಬೋ ತಿನ್ನುವ ಹೊತ್ತಿಗೆ ಹೆಚ್ಚಿ ಹಾಕಿ. ಬೆಲ್ಲ ಬೇಕಾಗುವುದಿಲ್ಲ.

ಎಳ್ಳು ಹಾಕಬೇಕು ಅನಿಸಿದರೆ ಮಕ್ಕಳಿಗೆ ಎಳ್ಳು ಆಗುತ್ತದೆ ಅಂತ ಖಾತ್ರಿ ಮಾಡಿಕೊಂಡು ಹಾಕಿ. ಎಳ್ಳಿನ ಅಲರ್ಜಿಯೂ ಜೋರಾಗಿಯೇ ಬರುತ್ತದೆ. ಅಮೆರಿಕದಲ್ಲಿ 2023ರಿಂದ ಅದನ್ನು ಅಲರ್ಜಿ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ 2020ರ ಪಟ್ಟಿಯಲ್ಲಿ ಅದಿಲ್ಲ. ಆದ್ದರಿಂದ ಎಳ್ಳು ಆಗದವರು ಅಂಗಡಿಯ ಪ್ಯಾಕೆಟ್ಟಿನ 'ಕಂಟೇನ್ಸ್' ಸಾಲು ಮಾತ್ರ ನೋಡಿ ಸುಮ್ಮನಾಗಬಾರದು, ಸಾಮಗ್ರಿಗಳ ಪಟ್ಟಿ ಪೂರ್ತಿ ಓದಬೇಕು.

ಸಿರಾದ ಆ ತಾಯಿಯೂ ಇದನ್ನು ಮಾಡುವುದಾದರೆ ಒಂದು ಎಚ್ಚರಿಕೆ. ಹುರಿಗಡಲೆ ಕಡಲೆಯದ್ದು, ಕಡ್ಲೆಕಾಯಿಯದ್ದಲ್ಲ. ಆದರೆ ಅಂಗಡಿಯಲ್ಲಿ ಎರಡರ ಮೂಟೆಯೂ ಅಕ್ಕಪಕ್ಕ ಇರುತ್ತದೆ, ಒಂದೇ ಡಬ್ಬಿಯಲ್ಲಿ ಎರಡನ್ನೂ ಮೊಗೆಯುತ್ತಾರೆ. ಅವರು ಸೀಲ್ ಮಾಡಿದ ಪ್ಯಾಕೆಟ್ಟಿನದ್ದೇ ತರಲಿ, ಅದರ ಹಿಂದಿನ ಸಾಲನ್ನೂ ಓದಲಿ.

ಎಲ್ಲ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಆವಿ ಕೂತು ಅವಲಕ್ಕಿ ಮೆತ್ತಗಾಗುತ್ತದೆ. ದ್ರಾಕ್ಷಿಯನ್ನು ಬೇರೆ ಡಬ್ಬಿಯಲ್ಲಿಟ್ಟು ತಿನ್ನುವಾಗ ಸೇರಿಸಿ. ಕೊಬ್ಬರಿ ಇರುವುದರಿಂದ ಒಂದು ಸಲಕ್ಕೆ ಎರಡು ವಾರಕ್ಕಾಗುವಷ್ಟೇ ಮಾಡಿ, ಬೇಸಿಗೆಯಲ್ಲಿ ಒಂದೇ ವಾರಕ್ಕೆ.